ಬಾಡಿಗೆಯ ಹಾಡು

ಹಣವನ್ನು ತೆತ್ತು ಮನೆಗೆ ತಂದ ವಸ್ತುವು ತನ್ನದೆಂದು ನಂಬುವುದು ಲೋಕರೂಢಿಯು. ಸಂತೆಯಲ್ಲಿ ಕೊಂಡ ಕಂಬಳಿಯನ್ನು ಮಾರಿದವನು ಮರುವರ್ಷ ಬಂದು ಹೊದ್ದವನ ಮೈಮೇಲಿನಿಂದ ಸೆಳೆದುಕೊಂಡು ಹೋಗುವುದಿಲ್ಲ. ಕೊಂಡ ಪುಸ್ತಕವು, ಅದನ್ನು ಮಾರಿದ ಅಂಗಡಿಯು ದಿವಾಳಿಯೆದ್ದ ಮಾತ್ರಕ್ಕೆ, ಕಪಾಟಿನಿಂದ ಮಾಯವಾಗುವುದಿಲ್ಲ. ಈ ರೂಢಿಗೆ ತೀರ ವಿರುದ್ಧವಾದ ಒಂದು ವ್ಯವಹಾರವು ಈಚಿನ ವರ್ಷಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಸಾಮಾನ್ಯ ಜನರ ಕಿಸೆಯನ್ನು ಸದ್ದಿಲ್ಲದೆ ಹೊಕ್ಕಿದೆ. ಸಂಗೀತದ ಆ್ಯಪುಗಳಿಗೆ ತಿಂಗಳ ಚಂದಾ ತೆತ್ತು, ನೆಟ್‌ವರ್ಕ್ ಸಿಗದ ಹೊತ್ತಿನಲ್ಲಿಯೂ ಕೇಳಲೆಂದು ಹಾಡುಗಳನ್ನು ಫೋನಿಗೆ ಇಳಿಸಿಕೊಳ್ಳುವುದೇ ಆ ವ್ಯವಹಾರವು. ಅದಕ್ಕೆ ಕಂಪನಿಗಳು ಇಟ್ಟಿರುವ ಹೆಸರು 'ಡೌನ್‌ಲೋಡ್'. ಆ ಹೆಸರೇ ಜನರನ್ನು ತಪ್ಪುದಾರಿಗೆ ಎಳೆಯತಕ್ಕದ್ದೆಂಬುದನ್ನೂ, ಅದನ್ನು ನಂಬಿ ಈ ಸೀಮೆಯು ತನ್ನ ಹಾಡುಗಳ ವಿಷಯದಲ್ಲಿ ನಿಶ್ಚಿಂತೆಯಾಗಿರುವುದು ಹಾನಿಕರವೆಂಬುದನ್ನೂ ಇಲ್ಲಿ ವಿಚಾರಿಸತಕ್ಕದ್ದಾಗಿದೆ.

ಸುರಪುರ ತಾಲೂಕಿನ ಹಳ್ಳಿಗಳಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ತರುಣರು ಸಾವಿರಾರು ಮಂದಿ. ಬಸ್ಸಿನಲ್ಲಿ ಯಾದಗಿರಿಗೆ ಬಂದು ರಾತ್ರಿಯ ರೈಲು ಹತ್ತುವ ಅಂಥ ಒಬ್ಬನನ್ನು ವಾಚಕರು ಭಾವಿಸಿಕೊಳ್ಳಲಿ. ದುಡಿಮೆಯ ಹಣದಲ್ಲಿ ಆತನು ಚಂದಾ ತೆತ್ತು, ಹಳ್ಳಿಯಲ್ಲಿರುವ ತಂದೆಗೆ ಪ್ರಿಯವಾದ ನಾಲ್ವತ್ತು ತತ್ತ್ವಪದಗಳನ್ನು ಫೋನಿಗೆ ಇಳಿಸಿಕೊಂಡು ಬಂದು, ದೀಪಾವಳಿಯ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಕೇಳಿಸಿದನು. ಜಾತ್ರೆಗೆ ಮತ್ತೆ ಬಂದಾಗ ಕೆಲಸವು ಎರಡು ತಿಂಗಳು ನಿಂತಿತ್ತು, ಚಂದಾ ತೀರಿತ್ತು. ಅಂದು ಕಟ್ಟೆಯ ಮೇಲೆ ನಡೆಯಬಹುದಾದ ಮಾತು ಇಷ್ಟೇ:

"ತಮ್ಮಾ, ಹೋದ ಸಲ ಹಚ್ಚಿದ್ದೆಲ್ಲಾ, ಆ ಪದ ಹಚ್ಚು."

"ಯಪ್ಪಾ, ಪದ ಫೋನಿನಾಗ ಅದಾವ, ಖರೇ ಹತ್ತವಲ್ಲವು."

"ಅದಾವ ಅಂದ ಮ್ಯಾಲ ಯಾಕ ಹತ್ತವಲ್ಲವು?"

"ರೊಕ್ಕ ಮುಗದದ, ಯಪ್ಪಾ."

"ರೊಕ್ಕ ಕೊಟ್ಟೇ ತಂದಿದ್ದೆಲ್ಲಾ? ತಂದದ್ದು ಎಲ್ಲಿಗಿ ಹೋತು?"

ಅಕ್ಷರಜ್ಞಾನವಿಲ್ಲದ ವೃದ್ಧನ ಈ ಪ್ರಶ್ನೆಯು ಸಾಧಾರಣವಾದುದಲ್ಲ. ಕಂಪನಿಗಳ ಹತ್ತಾರು ಪುಟಗಳ ಕರಾರುಪತ್ರಕ್ಕಿಂತ ಹೆಚ್ಚಿನ ನ್ಯಾಯಬುದ್ಧಿಯು ಅದರಲ್ಲಿದೆ.

ಹಾಡು ಎಲ್ಲಿಗೂ ಹೋಗಿರುವುದಿಲ್ಲ. ಅದು ಫೋನಿನೊಳಗೇ ಇರುತ್ತದೆ, ಜಾಗವನ್ನೂ ಹಿಡಿದಿರುತ್ತದೆ; ಆದರೆ ಅದಕ್ಕೆ ಬೀಗ ಬಿದ್ದಿರುತ್ತದೆ. ಆ್ಯಪಿನೊಳಗೆ ಇಳಿಸಿಕೊಂಡ ಹಾಡು ಸಾಮಾನ್ಯವಾದ ಧ್ವನಿಕಡತವಲ್ಲ. ಗುಪ್ತಲಿಪಿಯಲ್ಲಿ ಬರೆದಿಟ್ಟ ಒಂದು ಗಂಟು ಅದು. ಅದನ್ನು ಬಿಚ್ಚುವ ಕೀಲಿಕೈಯನ್ನು ಆ್ಯಪು ತನ್ನ ಬಳಿಯೇ ಇರಿಸಿಕೊಂಡು, ಚಂದಾ ಜೀವಂತವಾಗಿದೆಯೇ ಎಂದು ಕಾಲಕಾಲಕ್ಕೆ ಯಜಮಾನನನ್ನು ಕೇಳುತ್ತಿರುತ್ತದೆ. ಇಲ್ಲವೆಂಬ ಉತ್ತರ ಬಂದ ಕ್ಷಣವೇ, ಅಥವಾ ಉತ್ತರವೇ ಬಾರದೆ ಗೊತ್ತಾದ ಅವಧಿಯು ಮೀರಿದೊಡನೆಯೇ, ಗಂಟು ಬಿಚ್ಚದಾಗುತ್ತದೆ. ಆ ಕಡತವನ್ನು ಮತ್ತೊಂದು ಫೋನಿಗೆ ದಾಟಿಸಿದರೆ ಅದು ನುಡಿಯದು; ಒಂದು ಕಂಪನಿಯ ಆ್ಯಪಿನಲ್ಲಿ ಇಳಿಸಿದ್ದನ್ನು ಮತ್ತೊಂದು ಕಂಪನಿಯ ಆ್ಯಪು ತೆರೆಯದು. ಮನೆಯ ಹಗೇವಿನಲ್ಲಿ ಜೋಳವಿದ್ದು ಅದರ ಕೀಲಿಕೈ ಪರವೂರಿನ ಸಾಹುಕಾರನ ಸೊಂಟದಲ್ಲಿದ್ದರೆ ಆ ಜೋಳವನ್ನು ಮನೆಯವರದೆಂದು ಹೇಳುವವರುಂಟೇ?

ಸ್ಪಾಟಿಫೈ ಎಂಬ ಕಂಪನಿಯು 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಿತು. ಅದರ ನಿಯಮದಂತೆ ಚಂದಾದಾರನು ಒಂದೊಂದು ಉಪಕರಣದಲ್ಲಿ 10,000 ಹಾಡುಗಳವರೆಗೆ, ಹೀಗೆ 5 ಉಪಕರಣಗಳಲ್ಲಿ, ಇಳಿಸಿಕೊಳ್ಳಬಹುದು. ಇದು ಔದಾರ್ಯವೆಂದೇ ತೋರುವುದು. ಆದರೆ 30 ದಿನಗಳಿಗೆ ಒಮ್ಮೆಯಾದರೂ ಅಂತರ್ಜಾಲಕ್ಕೆ ಬಂದು ಹಾಜರಿ ಕೊಡದಿದ್ದರೆ ಆ ಹಾಡುಗಳು ಮುಚ್ಚಿಹೋಗುವವೆಂಬುದೂ ಅದೇ ನಿಯಮದ ಇನ್ನೊಂದು ಮುಖವು. ನೆಟ್‌ವರ್ಕ್ ಇಲ್ಲದವನಿಗೆ ಉಪಯೋಗವಾಗಲೆಂದು ಹೇಳಿ ಕೊಟ್ಟ ಸೌಕರ್ಯವು, ನೆಟ್‌ವರ್ಕಿಗೆ ತಿಂಗಳಿಗೊಮ್ಮೆ ಹೋಗಿ ಕೈಮುಗಿದು ಬಂದವನಿಗೆ ಮಾತ್ರ ದಕ್ಕುವುದೆಂದರೆ ಅದರ ಮರ್ಮವು ತಿಳಿಯದೆ ಇರದು.

ಚಂದಾ ತಪ್ಪದೆ ತೆರುವವನಿಗೆ ಈ ಭಯವಿಲ್ಲವೆಂದು ಕೆಲವರು ಹೇಳುವರು. ಅದೂ ಸತ್ಯವಲ್ಲ. ಗಾನಾ ಎಂಬ ಸೇವೆಯು 2010ರಿಂದ ಹಾಡುಗಳನ್ನು ಪುಕ್ಕಟೆಯಾಗಿ ಕೇಳಿಸಿ, ಜನರಿಗೆ ರೂಢಿಯಾದ ಬಳಿಕ 2022ರಲ್ಲಿ ಚಂದಾದಾರರಿಗೆ ಮಾತ್ರವೆಂದು ಬಾಗಿಲು ಹಾಕಿಕೊಂಡಿತು. 2023ರ ಮಾರ್ಚಿನಲ್ಲಿ ಸ್ಪಾಟಿಫೈಗೂ ಝೀ ಮ್ಯೂಸಿಕ್ ಕಂಪನಿಗೂ ಇದ್ದ ಒಪ್ಪಂದವು ಮುರಿದುಬಿದ್ದಾಗ, ಆ ಕಂಪನಿಯ ಚಿತ್ರಗೀತೆಗಳು ಚಂದಾ ತೆತ್ತವರಿಗೂ ತೆರದವರಿಗೂ ಸಮಾನವಾಗಿ ಕಾಣೆಯಾದವು. ಬಳಿಕ ಹೊಸ ಒಪ್ಪಂದವಾಗಿ ಮರಳಿದವೆಂಬುದು ನಿಜ. ಇಬ್ಬರು ವರ್ತಕರ ಜಗಳದಲ್ಲಿ ಕೇಳುಗನನ್ನು ಒಂದು ಮಾತು ಕೇಳಿದವರಿಲ್ಲ. ರೆಸ್ಸೋ ಎಂಬ ಸೇವೆಯು 2020ರಲ್ಲಿ ಭಾರತಕ್ಕೆ ಬಂದು 2024ರ ಜನವರಿ 31ರಂದು ಮುಚ್ಚಿತು. ಏರ್‌ಟೆಲ್ ಕಂಪನಿಯು 2014ರಲ್ಲಿ ಆರಂಭಿಸಿದ ವಿಂಕ್ ಮ್ಯೂಸಿಕ್, ಈ ಸೀಮೆಯ ಅಸಂಖ್ಯ ಫೋನುಗಳಲ್ಲಿ ಸಿಮ್ ಕಾರ್ಡಿನೊಡನೆಯೇ ಬಂದು ನೆಲೆಸಿದ್ದುದು, 2024ರಲ್ಲಿ ಮುಚ್ಚಲ್ಪಟ್ಟಿತು. ಗಿರಾಕಿಗಳಿಗೆ ಮತ್ತೊಂದು ಕಂಪನಿಯ ಸೇವೆಯ ದಾರಿಯನ್ನು ತೋರಿಸಲಾಯಿತು. ಆದರೆ ವಿಂಕಿನ ಬೀಗದೊಳಗೆ ಇದ್ದ ಕಡತಗಳು ಆ ದಾರಿಯಲ್ಲಿ ಸಂಗಡ ಬರತಕ್ಕವಲ್ಲ. ಹತ್ತು ವರ್ಷಗಳ ಆಯುಷ್ಯವಿದ್ದ ಈ ಭಂಡಾರಕ್ಕೆ ನೂರು ವರ್ಷಗಳ ಹಾಡನ್ನು ಒಪ್ಪಿಸಿ ಕೂಡುವುದು ಜಾಣತನವೆನಿಸದು.

ಇದನ್ನು 'ಬಾಡಿಗೆ' ಎಂದು ಕರೆಯುವುದು ಕೇವಲ ನಿಂದೆಯ ಮಾತಲ್ಲ. ನ್ಯಾಯಾಲಯವೇ ಹಾಗೆ ಕರೆದಿದೆ. ಟಿಪ್ಸ್ ಎಂಬ ಧ್ವನಿಮುದ್ರಣ ಕಂಪನಿಗೂ ವಿಂಕಿಗೂ ನಡೆದ ವ್ಯಾಜ್ಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 2019ರ ಏಪ್ರಿಲಿನಲ್ಲಿ ಕೊಟ್ಟ ತೀರ್ಪಿನಲ್ಲಿ ಮೂರು ಬಗೆಗಳನ್ನು ಬೇರೆಬೇರೆಯಾಗಿ ಎಣಿಸಲಾಯಿತು: ಹಣ ತೆತ್ತು ಶಾಶ್ವತವಾಗಿ ಇಳಿಸಿಕೊಳ್ಳುವುದು ಕ್ರಯವು, ಚಂದಾ ಇರುವವರೆಗೆ ಮಾತ್ರ ಕೇಳಲೆಂದು ಇಳಿಸಿಕೊಳ್ಳುವುದು ವಾಣಿಜ್ಯದ ಬಾಡಿಗೆಯು, ಇಳಿಸಿಕೊಳ್ಳದೆ ಆ ಕ್ಷಣಕ್ಕೆ ಕೇಳುವುದು ಸಾರ್ವಜನಿಕರಿಗೆ ಪ್ರಸಾರ ಮಾಡುವುದು. ಕೃತಿಸ್ವಾಮ್ಯದ ಒಡೆಯರು ತಮಗೆ ಸಲ್ಲಬೇಕಾದ ಹಣದ ಲೆಕ್ಕಕ್ಕಾಗಿ ಹೂಡಿದ ವ್ಯಾಜ್ಯವು ಅದು. ಕೇಳುಗನ ಹಿತವು ಅಲ್ಲಿ ಚರ್ಚೆಯ ವಿಷಯವಾಗಿರಲಿಲ್ಲ. ಆದರೂ ಅದರಿಂದ ಒಂದು ಮಾತು ಸ್ಪಷ್ಟವಾಯಿತು. ಕಂಪನಿಗಳು ತಮ್ಮೊಳಗೆ ಲೆಕ್ಕಕ್ಕೆ ಕೂತಾಗ ಬಾಡಿಗೆಯೆಂದು ಎಣಿಸುವ ವಸ್ತುವನ್ನೇ ಕೇಳುಗನ ಮುಂದೆ ತಂದಾಗ ಆ ಹೆಸರನ್ನು ಬಚ್ಚಿಟ್ಟು 'ಡೌನ್‌ಲೋಡ್' ಎನ್ನುತ್ತವೆ. ಹೊಲವನ್ನು ಕೌಲಿಗೆ ಹಿಡಿದವನಿಗೆ ತಾನು ಹಿಡಿದದ್ದು ಕೌಲೆಂಬುದು ಗೊತ್ತಿರುತ್ತದೆ. ಅವನು ಅದರಲ್ಲಿ ಬಾವಿ ತೋಡುವುದಿಲ್ಲ, ಮಾವಿನ ಗಿಡ ಹಚ್ಚುವುದಿಲ್ಲ. ಕೌಲಿನ ಹೊಲಕ್ಕೆ ಪಟ್ಟಾದ ವೇಷ ತೊಡಿಸಿ ಕೊಟ್ಟರೆ ಮಾತ್ರವೇ ರೈತನು ಕೆಡುವನು. ಇಲ್ಲಿ ನಡೆದಿರುವುದು ಅಂಥದೇ.

ಈ ಪತ್ರಿಕೆಯ ಚಂದಾದಾರರಿಗೆ ಇದು ಬೇಗನೆ ತಿಳಿಯತಕ್ಕ ವಿಷಯವು. ಮಾಸಪತ್ರಿಕೆಗೆ ಚಂದಾ ತೆರುವವನು ತೆರುವುದನ್ನು ನಿಲ್ಲಿಸಿದರೆ ಮುಂದಿನ ಸಂಚಿಕೆಯು ಬರುವುದಿಲ್ಲ, ಅದು ನ್ಯಾಯವು. ಆದರೆ ಹಿಂದಿನ ಸಂಚಿಕೆಗಳನ್ನು ಅವನ ಕಪಾಟಿನಿಂದ ಎತ್ತಿಕೊಂಡು ಹೋಗಲು ಸಂಪಾದಕನು ಆಳನ್ನು ಕಳುಹಿಸುವುದಿಲ್ಲ. ಪತ್ರಿಕೆಯೇ ನಿಂತುಹೋದರೂ ಬಂದಷ್ಟು ಸಂಚಿಕೆಗಳು ಬಂದವರ ಮನೆಯಲ್ಲಿ ಉಳಿಯುತ್ತವೆ. ಕನ್ನಡದ ಎಷ್ಟೋ ಪತ್ರಿಕೆಗಳು ಹುಟ್ಟಿ, ಸಾಲ ಹೊತ್ತು, ಕಣ್ಮರೆಯಾಗಿವೆ. ಅವುಗಳಲ್ಲಿದ್ದ ಕವಿತೆ, ಕಥೆ, ಸಂಶೋಧನೆಗಳು ಇಂದಿಗೂ ದೊರೆಯುತ್ತಿರುವುದು ಯಾವನೋ ಒಬ್ಬ ಚಂದಾದಾರನು ಅವನ್ನು ಹೊಲಿದು ಕಟ್ಟಿ ಅಟ್ಟದ ಮೇಲೆ ಇಟ್ಟುದರಿಂದ. ಚಂದಾ ಎಂಬ ಒಂದೇ ಶಬ್ದವು ಎರಡು ಕಡೆಗೂ ಬಳಕೆಯಾದರೂ ಒಂದು ಕಡೆ ಅದು ಸಂಚಯವು, ಇನ್ನೊಂದು ಕಡೆ ಅದು ಸೋರಿಕೆಯು.

ಇದಕ್ಕೆ ಹೇಳಬಹುದಾದ ಆಕ್ಷೇಪಗಳು ಮೂರು. ಅವುಗಳನ್ನು ಪ್ರಾಮಾಣಿಕವಾಗಿ ಎದುರಿಸದೆ ಮುಂದಕ್ಕೆ ಹೋಗುವುದು ಸಲ್ಲದು.

ಮೊದಲನೆಯದು, ಅಲ್ಪ ಹಣಕ್ಕೆ ಕೋಟ್ಯಂತರ ಹಾಡುಗಳು ದೊರೆಯುವಾಗ ದೂರುವುದೇಕೆ ಎಂಬುದು. ಅಲ್ಪ ಹಣಕ್ಕೆ ದೊರೆಯುವುದು ನಿಜ. ಹಿಂದೆ ಒಂದು ಗ್ರಾಮಫೋನ್ ತಟ್ಟೆಯನ್ನು ಕೊಳ್ಳುವ ಶಕ್ತಿಯಿಲ್ಲದ ಮನೆಯ ಮಗನು ಇಂದು ಮಲ್ಲಿಕಾರ್ಜುನ ಮನಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ಬೇಕೆಂದಾಗ ಕೇಳಬಲ್ಲನು. ಇದು ದೊಡ್ಡ ಉಪಕಾರವೇ, ಅಲ್ಲಗಳೆಯತಕ್ಕದ್ದಲ್ಲ. ಆದರೆ ಧರ್ಮಛತ್ರದಲ್ಲಿ ಉಂಡವನು ಛತ್ರವನ್ನು ತನ್ನ ಮನೆಯೆಂದು ತಿಳಿಯಬಾರದು. ಛತ್ರದವರೂ ಹಾಗೆ ತಿಳಿಯಗೊಡಬಾರದು. ದೂರಿರುವುದು ಬಾಡಿಗೆಯ ಮೇಲಲ್ಲ, ಬಾಡಿಗೆಯನ್ನು ಮುಚ್ಚಿದ ಹೆಸರಿನ ಮೇಲೆ.

ಎರಡನೆಯದು, ಕರಾರಿನಲ್ಲಿ ಎಲ್ಲವನ್ನೂ ಬರೆದಿದೆಯಲ್ಲವೇ ಎಂಬುದು. ಬರೆದಿದೆ, ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಬರೆದಿದೆ. ಹಿಂದೆ ಸಾಲಪತ್ರದಲ್ಲಿಯೂ ಎಲ್ಲವನ್ನೂ ಬರೆದೇ ಇರುತ್ತಿತ್ತು, ಹೆಬ್ಬೆಟ್ಟೊತ್ತಿದವನಿಗೆ ಓದಿ ಹೇಳುವವರಿರುತ್ತಿರಲಿಲ್ಲ. ಸಂತೆಯ ಭಾಷೆಯಲ್ಲಿ ಹಾಡನ್ನು ಮಾರಬಲ್ಲ ಕಂಪನಿಗೆ ಸಂತೆಯ ಭಾಷೆಯಲ್ಲಿ ಕರಾರನ್ನು ಹೇಳಲು ಬಾರದೆ?

ಮೂರನೆಯದು, ಬೀಗವಿಲ್ಲದಿದ್ದರೆ ಹಾಡುಗಾರನ ಹೊಟ್ಟೆಗೆ ಕಲ್ಲು ಬೀಳುವುದೆಂಬುದು. ಇದು ಮೂರರಲ್ಲಿ ತೂಕವಾದುದು. ಮೊಬೈಲ್ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿನ ತುಂಬ ಹಾಡು ತುಂಬಿಸಿಕೊಳ್ಳುವ ರೂಢಿಯು ಈ ಮೂರೂ ತಾಲೂಕುಗಳಲ್ಲಿ ಬಹುಕಾಲ ನಡೆಯಿತು. ಅದರಿಂದ ಹಾಡು ಊರೂರಿಗೆ ಹಬ್ಬಿತು, ಹಾಡಿದವನಿಗೆ ಬಿಡಿಗಾಸೂ ಸೇರಲಿಲ್ಲ. ಆ ಕಳವನ್ನು ಹೊಗಳುವುದು ಯೋಗ್ಯವಲ್ಲ. ಬೀಗವನ್ನು ಮುರಿಯುವ ಕಳ್ಳ ಪ್ರೋಗ್ರಾಮುಗಳನ್ನು ತಂದು ಆ್ಯಪಿನ ಹಾಡನ್ನು ಹೊರದೆಗೆಯುವುದೂ ಯೋಗ್ಯವಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನಂತೆ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿಯುವುದು ಎರಡು ವರ್ಷಗಳವರೆಗೆ ಸೆರೆವಾಸಕ್ಕೆ ಪಾತ್ರವಾದ ಅಪರಾಧವು. ಆದರೆ ಹಾಡುಗಾರನಿಗೆ ಹಣ ಸೇರಬೇಕಾದರೆ ಬೀಗವೇ ಬೇಕೆಂಬುದು ಸಿದ್ಧವಾದ ಮಾತಲ್ಲ. ಆ್ಯಪಲ್ ಕಂಪನಿಯು ತನ್ನ ಐಟ್ಯೂನ್ಸ್ ಅಂಗಡಿಯಲ್ಲಿ ಮಾರುವ ಹಾಡುಗಳ ಬೀಗವನ್ನು 2009ರಲ್ಲಿ ತೆಗೆದುಹಾಕಿತು. ಬ್ಯಾಂಡ್‌ಕ್ಯಾಂಪ್ ಎಂಬ ಅಂಗಡಿಯು 2008ರಿಂದಲೂ ಬೀಗವಿಲ್ಲದ ಹಾಡುಗಳನ್ನು ಮಾರುತ್ತಿದೆ. ಕ್ರಯಕ್ಕೆ ಕೊಟ್ಟದ್ದು ಕ್ರಯವಾಗಿಯೇ ಇರಲಿ, ಬಾಡಿಗೆಗೆ ಕೊಟ್ಟದ್ದು ಬಾಡಿಗೆಯೆಂದೇ ಕರೆಯಲ್ಪಡಲಿ ಎಂಬುದಷ್ಟೇ ಇಲ್ಲಿಯ ವಾದವು.

ಇನ್ನು ಇದಕ್ಕಿಂತ ದೊಡ್ಡ ಹಾನಿಯ ಮಾತು. ಕಾಯಿದೆಯು ಹಾಡಿನ ಒಡೆಯನಿಗೆ ಹಕ್ಕನ್ನು ಕೊಟ್ಟಂತೆ ಆ ಹಕ್ಕಿಗೆ ಒಂದು ಮೇರೆಯನ್ನೂ ಇಟ್ಟಿದೆ. ಧ್ವನಿಮುದ್ರಣದ ಕೃತಿಸ್ವಾಮ್ಯವು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳು. 1960ರಲ್ಲಿ ಪ್ರಕಟವಾದ ತಟ್ಟೆಯ ಧ್ವನಿಮುದ್ರಣದ ಹಕ್ಕು 2020ರ ಕೊನೆಗೆ ತೀರಿತು. ಅಲ್ಲಿಂದ ಮುಂದೆ ಆ ಧ್ವನಿಯು ಸಮಸ್ತ ಜನರ ಸೊತ್ತು. ಒಡೆಯನಿಗೆ ಬಹುಕಾಲ ಲಾಭವನ್ನು ಕೊಟ್ಟು, ಬಳಿಕ ಲೋಕಕ್ಕೆ ಒಪ್ಪಿಸತಕ್ಕದ್ದೆಂಬುದೇ ಆ ಕಾಯಿದೆಯ ಆತ್ಮವು. ಗೌಹರ್ ಜಾನಳ ಧ್ವನಿಯನ್ನು 1902ರಲ್ಲಿ ಕಲಕತ್ತೆಯಲ್ಲಿ ತಟ್ಟೆಗೆ ಇಳಿಸಿದರು. ಮನಸೂರರು ತರುಣರಾಗಿದ್ದಾಗ ಎಚ್.ಎಂ.ವಿ. ಕಂಪನಿಗೆ ಹಾಡಿದರು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಧ್ವನಿಯು ತಟ್ಟೆಗಳ ಮೇಲೆ ಹಿಂದುಸ್ಥಾನದ ತುಂಬ ತಿರುಗಿತು. ಇವೆಲ್ಲ ಇಂದು ಕಿವಿಗೆ ಬೀಳುತ್ತಿರುವುದು ಕಂಪನಿಗಳ ಉಗ್ರಾಣದ ಪುಣ್ಯದಿಂದ ಮಾತ್ರವಲ್ಲ. ತಟ್ಟೆಯನ್ನು ಕೊಂಡ ಗೃಹಸ್ಥನು ಅದನ್ನು ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟನು. ಅವನ ಮೊಮ್ಮಗನು ಅದನ್ನು ಸಂಗ್ರಾಹಕನಿಗೆ ಕೊಟ್ಟನು. ಸಂಗ್ರಾಹಕನು ಅದನ್ನು ಲೋಕಕ್ಕೆ ಕೇಳಿಸಿದನು. ಕೊಂಡದ್ದು ಕೊಂಡವನದೇ ಆಗಿದ್ದುದರಿಂದ ಈ ಸರಪಳಿಯು ಕಡಿಯಲಿಲ್ಲ.

ಬೀಗ ಹಾಕಿದ ಕಡತಕ್ಕೆ ಈ ಭಾಗ್ಯವಿಲ್ಲ. ಹಕ್ಕಿನ ಅವಧಿಯು ತೀರಿತೆಂಬುದು ಬೀಗಕ್ಕೆ ತಿಳಿಯದು. ಕೀಲಿಕೈಯನ್ನು ಇಟ್ಟುಕೊಂಡ ಕಂಪನಿಯು ಅಷ್ಟರಲ್ಲಿ ಇರುವುದೆಂಬ ನಂಬಿಕೆಯೂ ಇಲ್ಲ. ಆ್ಯಪಿಗಾಗಿ ಮಾತ್ರವೇ ಹೊರಬಂದು, ತಟ್ಟೆಯಾಗಿ, ಕ್ಯಾಸೆಟ್ಟಾಗಿ, ಬೀಗವಿಲ್ಲದ ಕಡತವಾಗಿ ಎಲ್ಲಿಯೂ ದೊರೆಯದ ಹಾಡು ಇಂದು ಲಕ್ಷ ಫೋನುಗಳಲ್ಲಿ ಇದ್ದರೂ 60 ವರ್ಷಗಳ ಬಳಿಕ ಒಬ್ಬ ಮೊಮ್ಮಗನ ಕೈಯಲ್ಲಿಯೂ ಇರದು. ಕಾಯಿದೆಯು ಲೋಕಕ್ಕೆ ಬರೆದುಕೊಟ್ಟ ಆಸ್ತಿಯು ಲೋಕವು ಪಡೆಯುವ ಮೊದಲೇ ನಾಶವಾಗುವುದು.

ಪ್ರಸಿದ್ಧ ಚಿತ್ರಗೀತೆಗಳಿಗೆ ಈ ಭಯವು ಕಡಿಮೆ. ಒಂದು ಭಂಡಾರವು ಮುಚ್ಚಿದರೆ ಅವು ಇನ್ನೊಂದರಲ್ಲಿ ದೊರೆಯುವವು. ಭಯವಿರುವುದು ಕೃಷ್ಣೆ-ಭೀಮೆಯರ ನಡುವಿನ ಈ ಸೀಮೆಯ ಸ್ವಂತ ಹಾಡಿಗೆ. ಕಡಕೋಳದ ಮಡಿವಾಳಪ್ಪನವರೂ, ಅವರ ಶಿಷ್ಯಪರಂಪರೆಯ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರೂ ಹಾಡಿದ ತತ್ತ್ವಪದಗಳು ಅಮಾವಾಸ್ಯೆಯ ರಾತ್ರಿಗಳಲ್ಲಿ ಮಠಗಳ, ದರ್ಗಾಗಳ ಅಂಗಳದಲ್ಲಿ ಏಕತಾರಿಯ ಮೇಲೆ ಬೆಳಗಿನವರೆಗೆ ನಡೆದುಬಂದಿವೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರ ಗದ್ದುಗೆಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವರು. ಅಲ್ಲಿಯ ಜಾತ್ರೆಗೆ ಬರುವ ಭಜನೆಯ ಮೇಳಗಳಲ್ಲಿ ಒಂದೊಂದು ಹಳ್ಳಿಯದು ಒಂದೊಂದು ಧಾಟಿಯು. ಈ ಪದಗಳು ಅರಮನೆಯ ಆಶ್ರಯದಿಂದ ಉಳಿದವಲ್ಲ. ನಿಜಾಮನ ಆಳಿಕೆಯಲ್ಲಿ, ಕನ್ನಡದ ಶಾಲೆಯೇ ದುರ್ಲಭವಾಗಿದ್ದ ಕಾಲದಲ್ಲಿ, ಇವು ಉಳಿದುವು. ಹೇಗೆ ಉಳಿದುವು? ಹಾಡುವವರು ಒಬ್ಬರಿಂದೊಬ್ಬರು ಕೇಳಿ ಕಲಿತರು. ಅಕ್ಷರ ಬಲ್ಲವನೊಬ್ಬನು ಇನ್ನೊಬ್ಬರ ಹೊತ್ತಿಗೆಯನ್ನು ನೋಡಿ ನಕಲು ಮಾಡಿಕೊಂಡನು. ನಕಲು ಮಾಡಿದವನಿಗೆ ಆ ನಕಲು ತನ್ನದಾಗಿತ್ತು. ಮೂವತ್ತು ದಿನಕ್ಕೊಮ್ಮೆ ಗುರುವಿನ ಮಠಕ್ಕೆ ಹೋಗಿ ಹಾಜರಿ ಕೊಡದಿದ್ದರೆ ಹೊತ್ತಿಗೆಯ ಅಕ್ಷರಗಳು ಅಳಿಸಿಹೋಗುತ್ತಿರಲಿಲ್ಲ.

ಪದಗಳ ಪಾಠವು ಈಗ ಬಹುಮಟ್ಟಿಗೆ ಸುರಕ್ಷಿತವಾಗಿದೆ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ನಾಡಿನ ತತ್ತ್ವಪದಗಳನ್ನು ಸಮಗ್ರ ಸಂಪುಟಗಳಲ್ಲಿ ಅಚ್ಚುಹಾಕಿಸಿದೆ. ಆದರೆ ಅಚ್ಚಿನ ಪುಟಕ್ಕೆ ಕಂಠವಿಲ್ಲ. ಧಾಟಿಯು, ಎಳೆತವು, ಪಲ್ಲವಿಗೆ ಮೇಳದವರೆಲ್ಲ ಕೂಡಿ ಬೀಳುವ ಬಗೆಯು ಪುಸ್ತಕದಲ್ಲಿ ಇರಲಾರವು. ಅವು ಇರುವುದು ವೃದ್ಧರಾದ ಹಾಡುಗಾರರ ಕೊರಳಿನಲ್ಲಿ, ಮತ್ತು ಕ್ಯಾಸೆಟ್ಟುಗಳ ಕಾಲದಲ್ಲಿ ಸಣ್ಣ ಸಣ್ಣ ಅಂಗಡಿಯವರು ಮುದ್ರಿಸಿ ಜಾತ್ರೆಗಳಲ್ಲಿ ಮಾರಿದ ಪಟ್ಟಿಗಳಲ್ಲಿ. ಆ ಪಟ್ಟಿಗಳು ಬೂಸಲು ಹಿಡಿಯುತ್ತಿವೆ. ಅವನ್ನು ನುಡಿಸುವ ಯಂತ್ರಗಳು ಗುಜರಿಗೆ ಸೇರಿವೆ. ಹೀಗಿರುವಾಗ, 'ಎಲ್ಲವೂ ಫೋನಿನಲ್ಲಿ ಸಿಗುತ್ತದೆ, ಬೇಕಾದರೆ ಇಳಿಸಿಕೊಂಡರಾಯಿತು' ಎಂಬ ನುಡಿಯು ಭಜನೆಯ ಮನೆಗಳಲ್ಲಿಯೂ ಕೇಳಬರುತ್ತಿರುವುದು ಶೋಚನೀಯವು. ಹಳೆಯ ಕ್ಯಾಸೆಟ್ಟನ್ನು ಎಸೆಯಲು ಈ ನುಡಿಯು ಸಾಕಾಗುತ್ತದೆ. ಹುಡುಗನು ಪದವನ್ನು ಬಾಯಿಪಾಠ ಮಾಡದಿರಲು ಸಾಕಾಗುತ್ತದೆ. ಕೊನೆಗೆ ಕೊರಳೂ ಇಲ್ಲ, ಪಟ್ಟಿಯೂ ಇಲ್ಲ, ಬಾಡಿಗೆ ತೀರಿದ ಫೋನೊಂದು ಮಾತ್ರ ಉಳಿಯುವುದು.

ಆದಕಾರಣ ಮಾಡತಕ್ಕ ಕೆಲಸಗಳು ಎರಡು. ಒಂದನ್ನು ಸರಕಾರದಿಂದ ಕೇಳತಕ್ಕದ್ದು, ಇನ್ನೊಂದನ್ನು ಈ ಜಿಲ್ಲೆಯು ತಾನೇ ಮಾಡತಕ್ಕದ್ದು.

ಸರಕಾರದಿಂದ ಕೇಳತಕ್ಕದ್ದು ಸತ್ಯವಾದ ಹೆಸರು. ಅಮೇರಿಕೆಯಲ್ಲಿ 2009ರಲ್ಲಿ ಅಮೆಜಾನ್ ಕಂಪನಿಯು, ಮಾರಾಟ ಮಾಡಿದವನಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಓದುಗರ ಕಿಂಡಲ್ ಯಂತ್ರಗಳೊಳಗಿಂದಲೇ ಅಳಿಸಿಹಾಕಿ, ಹಣವನ್ನು ಮರಳಿಸಿತು. ಕೊಂಡ ಪುಸ್ತಕವು ಕೊಂಡವನದಲ್ಲವೆಂಬುದು ಅಂದು ಲೋಕಕ್ಕೆ ತಿಳಿಯಿತು. ಕ್ಯಾಲಿಫೋರ್ನಿಯ ಪ್ರಾಂತದಲ್ಲಿ 2024ರಲ್ಲಿ ಮಾಡಿದ, 2025ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆಯು, ಮರಳಿ ಕಸಿದುಕೊಳ್ಳಬಹುದಾದ ಇಂಥ ಪದಾರ್ಥವನ್ನು ಅದು ಪರವಾನಿಗೆ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎಂಬ ಮಾತಿನಿಂದ ಮಾರಕೂಡದೆಂದು ವಿಧಿಸಿದೆ. ಚಂದಾದ ಸೇವೆಗಳನ್ನು ಆ ಕಾಯಿದೆಯು ಹೊರಗಿಟ್ಟಿದೆ. ಅಷ್ಟರಮಟ್ಟಿಗೆ ಅದು ಅಪೂರ್ಣವು. ಆದರೆ ಅದರ ತತ್ತ್ವವು ಗ್ರಾಹ್ಯವು. ಭಾರತದಲ್ಲಿ ಅದನ್ನು ಚಂದಾದ ಸೇವೆಗಳಿಗೂ ಅನ್ವಯಿಸುವ ನಿಯಮವು ಬರಬೇಕು. ಚಂದಾದ ಹಣವನ್ನು ಸ್ವೀಕರಿಸುವ ಮೊದಲು, ಗಿರಾಕಿಯ ಭಾಷೆಯಲ್ಲಿ, ಹಣದ ಅಂಕಿಯಷ್ಟೇ ದೊಡ್ಡ ಅಕ್ಷರದಲ್ಲಿ, 'ಇದು ಬಾಡಿಗೆ. ಚಂದಾ ನಿಂತೊಡನೆ ಇಳಿಸಿಕೊಂಡ ಹಾಡುಗಳೂ ನಿಲ್ಲುವುವು' ಎಂದು ಬರೆಯತಕ್ಕದ್ದು. ಸೇವೆಯನ್ನೇ ಮುಚ್ಚುವುದಾದರೆ ಸಾಕಷ್ಟು ಮುಂಚಿತವಾಗಿ ತಿಳಿಸಿ, ಗಿರಾಕಿಯು ಕೂಡಿಸಿಕೊಂಡ ಹಾಡುಗಳ ಪಟ್ಟಿಯನ್ನಾದರೂ ಅವನ ಕೈಗೆ ಕೊಡತಕ್ಕದ್ದು. ಇಷ್ಟನ್ನು ಬರೆಯುವುದಕ್ಕೆ ಕಂಪನಿಗೆ ತಗಲುವ ವೆಚ್ಚವು ಶೂನ್ಯವು. ವೆಚ್ಚವಿಲ್ಲದ ಸತ್ಯವನ್ನೂ ಹೇಳಲು ಹಿಂಜರಿಯುವ ವರ್ತಕನ ವಿಷಯದಲ್ಲಿ ಗಿರಾಕಿಯು ಏನು ತಿಳಿಯಬೇಕೋ ಅದನ್ನು ತಿಳಿಯುವನು.

ಜಿಲ್ಲೆಯು ತಾನೇ ಮಾಡತಕ್ಕದ್ದು ಇದಕ್ಕಿಂತ ತುರ್ತಿನದು. ಯಾದಗಿರಿಯು 2009ರ ಡಿಸೆಂಬರಿನಲ್ಲಿ ಬೇರೆ ಜಿಲ್ಲೆಯಾಯಿತು. ಅದರ ಹಾಡುಗಳಿಗೆ ಒಂದು ಸ್ವಂತ ಭಂಡಾರವು ಇರುವುದು ಯುಕ್ತವು. ಸಾಹಿತ್ಯ ಸಂಘಗಳು ಊರೂರಿನ ಭಜನೆಯ ಮೇಳಗಳಿಗೆ ಹೋಗಿ, ಹಾಡುವವರ ಒಪ್ಪಿಗೆಯನ್ನು ಬರೆಹದಲ್ಲಿ ಪಡೆದು, ಪದಗಳನ್ನು ಮುದ್ರಿಸಿಕೊಳ್ಳಬೇಕು. ಇದಕ್ಕೆ ಇಂದು ದೊಡ್ಡ ಯಂತ್ರವೂ ಬೇಡ. ಒಂದು ಒಳ್ಳೆಯ ಮೈಕು, ಒಂದು ಫೋನು, ನಿಶ್ಶಬ್ದವಾದ ಒಂದು ಕೋಣೆ ಸಾಕು. ಹಾಡಿದವರ ಹೆಸರು, ಊರು, ದಿನಾಂಕ, ಪದವನ್ನು ಯಾರಿಂದ ಕಲಿತರೆಂಬ ವಿವರ ಇವನ್ನು ಪ್ರತಿಯೊಂದರ ಜೊತೆಗೆ ಬರೆದಿಡಬೇಕು. ಕಡತಗಳು ಎಲ್ಲ ಯಂತ್ರಗಳೂ ತೆರೆಯಬಲ್ಲ ಸಾಮಾನ್ಯ ರೂಪದಲ್ಲಿ, ಬೀಗವಿಲ್ಲದೆ ಇರಬೇಕು. ಒಂದು ಪ್ರತಿಯು ಯಾದಗಿರಿಯಲ್ಲಿ, ಒಂದು ಶಹಾಪುರದಲ್ಲಿ, ಒಂದು ಸುರಪುರದಲ್ಲಿ, ಬೇರೆಬೇರೆ ಡಿಸ್ಕುಗಳ ಮೇಲೆ ಇರಬೇಕು. ಒಂದು ಕೆಟ್ಟರೆ ಎರಡು ಉಳಿಯುವುವು. ಮನೆಮನೆಯಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಬೂಸಲು ಪೂರ್ತಿಯಾಗಿ ತಿನ್ನುವ ಮೊದಲೇ ಕೇಳಿ ತಂದು ನಕಲು ಮಾಡಿ ಮರಳಿಸಬೇಕು. ಅವುಗಳ ಮೇಲೆ ಇನ್ನೂ ಹಕ್ಕುಳ್ಳವರಿದ್ದರೆ ಅವರ ಒಪ್ಪಿಗೆಯನ್ನು ಪಡೆಯಬೇಕು.

ಇಲ್ಲಿ ಒಂದು ಎಚ್ಚರವು ಅವಶ್ಯವು. ಮಡಿವಾಳಪ್ಪನವರ ಪದಗಳಿಗೆ ಇಂದು ಯಾರೂ ಒಡೆಯರಿಲ್ಲ. ಆದರೆ ಅವನ್ನು ಇಂದು ಹಾಡಿದವನ ಗಾಯನಕ್ಕೆ ಹಕ್ಕುಂಟು. ಕಾಯಿದೆಯು ಪ್ರದರ್ಶಕನ ಹಕ್ಕನ್ನು 50 ವರ್ಷಗಳವರೆಗೆ ಮನ್ನಿಸುತ್ತದೆ. ಧ್ವನಿಮುದ್ರಣದ ಹಕ್ಕಾದರೋ ಮುದ್ರಿಸಿದವನಿಗೆ ಸೇರುವುದು ಸಾಮಾನ್ಯ ನಿಯಮವು. ಆದ್ದರಿಂದ ಸಂಘವು ಪುಣ್ಯಕಾರ್ಯದ ಹೆಸರಿನಲ್ಲಿ ಇನ್ನೊಬ್ಬ ಸಾಹುಕಾರನಾಗಬಾರದು. ಮುದ್ರಣದಿಂದ ಮುಂದೆ ಹಣ ಬಂದರೆ ಅದು ಹಾಡಿದವರಿಗೆ ಸಲ್ಲತಕ್ಕದ್ದೆಂದು ಒಪ್ಪಿಗೆಯ ಪತ್ರದಲ್ಲಿಯೇ ಬರೆಯಬೇಕು. ಮೊದಲನೆಯ ಪ್ರತಿಯನ್ನು ಹಾಡಿದವರ ಕೈಗೇ ಕೊಡಬೇಕು. ಹಾಡುಗಾರನಿಗೆ ಇಷ್ಟವಿದ್ದರೆ ಅದೇ ಮುದ್ರಣವನ್ನು ಆ್ಯಪುಗಳಿಗೂ ಕೊಡಲಿ. ಅಲ್ಲಿಂದ ನಾಲ್ಕು ಕಾಸು ಬಂದರೆ ಬರಲಿ, ದೂರದ ಊರಿನ ಮಗನು ಅಲ್ಲಿ ಕೇಳಿದರೆ ಕೇಳಲಿ. ಬಾಡಿಗೆಗೆ ಕೊಡುವುದು ದೋಷವಲ್ಲ. ಮನೆಯಲ್ಲಿ ಬೀಜವನ್ನು ಇಟ್ಟುಕೊಳ್ಳದೆ ಕೊಡುವುದು ದೋಷವು. ರೈತನು ಎಷ್ಟೇ ಬಡವನಾದರೂ ಮುಂದಿನ ಬಿತ್ತನೆಯ ಬೀಜವನ್ನು ಪರರ ಹಗೇವಿನಲ್ಲಿ ಇಡುವುದಿಲ್ಲ.

ಕೇಳುಗನಿಗೂ ಒಂದು ಕರ್ತವ್ಯವಿದೆ. ಬಾಡಿಗೆಯ ಹಾಡನ್ನು ಬಾಡಿಗೆಯದೆಂದು ತಿಳಿದು ಕೇಳಲಿ, ಸಂತೋಷಪಡಲಿ. ಮಕ್ಕಳಿಗೆ ಉಳಿಯಬೇಕೆಂದು ತೋರಿದ ಹಾಡನ್ನು ಮಾತ್ರ, ಬೀಗವಿಲ್ಲದೆ ಎಲ್ಲಿ ದೊರೆಯುವುದೋ ಅಲ್ಲಿ, ನ್ಯಾಯವಾದ ಬೆಲೆ ತೆತ್ತು ಕೊಂಡುಕೊಳ್ಳಲಿ. ಎಲ್ಲಿಯೂ ದೊರೆಯದಿದ್ದರೆ ಅದನ್ನು ಹಾಡುವವರ ಮನೆಗೆ ನಡೆದು ಹೋಗಿ, ಕೂತು ಕೇಳಿ, ಅವರು ಒಪ್ಪಿದರೆ ಮುದ್ರಿಸಿಕೊಳ್ಳಲಿ, ಸಾಧ್ಯವಾದರೆ ಕಲಿಯಲಿ. ಕಲಿತ ಹಾಡಿಗೆ ಬೀಗ ಹಾಕುವ ಯಂತ್ರವು ಇನ್ನೂ ಹುಟ್ಟಿಲ್ಲ.

ತಂದದ್ದು ಎಲ್ಲಿಗೆ ಹೋಯಿತೆಂದು ಕಟ್ಟೆಯ ಮೇಲಿನ ವೃದ್ಧನು ಕೇಳಿದನು. ತಂದೇ ಇರಲಿಲ್ಲವೆಂಬುದು ಅದಕ್ಕೆ ನಿಜವಾದ ಉತ್ತರವು. ಆ ಉತ್ತರವನ್ನು ಕಂಪನಿಯು ಮೊದಲ ದಿನವೇ ಅವನ ಮಗನಿಗೆ ಹೇಳಬೇಕಾಗಿತ್ತು. ಮುಂದಿನ ಜಾತ್ರೆಗೆ ಆ ಮಗನು ಬಂದಾಗ ತಂದೆಯ ಪದವು ಈ ಜಿಲ್ಲೆಯ ಯಾವುದಾದರೊಂದು ಪೆಟ್ಟಿಗೆಯಲ್ಲಿ ಬೀಗವಿಲ್ಲದೆ ದೊರೆಯುವಂತೆ ಮಾಡುವ ಹೊಣೆಯು ಕಂಪನಿಯದಲ್ಲ. ಅದು ಈ ಜಿಲ್ಲೆಯ ಸಂಘಗಳದು.